ನಂಜು ಮತ್ತು ಗಡಿಯಾರ

ಆಟದ ಬಯಲಿನಲ್ಲಿ ಬಿದ್ದು ಮೊಣಕೈ ತರಚಿಕೊಳ್ಳದ ವಿದ್ಯಾರ್ಥಿ ನಮ್ಮಲ್ಲಿ ಯಾರಿದ್ದಾರೆ? ಅಂತಹ ಗಾಯಗಳು ಬಹುಮಟ್ಟಿಗೆ ತಾವಾಗಿಯೇ ಮಾಯುತ್ತವೆ. ಆದರೆ ಅಪೂರ್ವವಾಗಿ ಕೆಲವೊಮ್ಮೆ ಗಾಯ ನಂಜೇರುವುದುಂಟು. ಆಗ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ಹದ ತಪ್ಪಿ, ತನ್ನ ಅಂಗಾಂಗಗಳನ್ನೇ ಕೆಡಿಸತೊಡಗಬಹುದು. ಈ ವಿಷಮಸ್ಥಿತಿಗೆ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಮೊದಮೊದಲು ಇದು ಸಾಮಾನ್ಯ ಜ್ವರದಂತೆಯೇ ತೋರುತ್ತದೆ, ಅಪಾಯವಿರುವುದು ಅಲ್ಲಿಯೇ.

2012ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ರೋರಿ ಸ್ಟಾಂಟನ್ ಎಂಬ 12 ವರ್ಷದ ಬಾಲಕನು ಶಾಲೆಯಲ್ಲಿ ಚೆಂಡಾಟವಾಡುವಾಗ ಬಿದ್ದು ತೋಳು ತರಚಿಕೊಂಡನು. ಮರುದಿನ ಜ್ವರ, ವಾಂತಿ, ಕಾಲುನೋವು. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹೊಟ್ಟೆಯ ತೊಂದರೆಯೆಂದು ಭಾವಿಸಿ ಅವನನ್ನು ಮನೆಗೆ ಕಳುಹಿಸಿದರು. ಅಪಾಯವನ್ನು ಸೂಚಿಸುವ ರಕ್ತಪರೀಕ್ಷೆಯ ವರದಿ ಬಂದುದು ಅವನು ಹೊರಟುಹೋದ ಮೇಲೆ. ಏಪ್ರಿಲ್ 1ರಂದು ಅವನು ತೀರಿಕೊಂಡನು.

ತಂದೆತಾಯಿಗಳು ದುಃಖದಲ್ಲಿಯೇ ಕುಳಿತಿರಲಿಲ್ಲ. ಅವರ ಪ್ರಯತ್ನದಿಂದ 2013ರಲ್ಲಿ ನ್ಯೂಯಾರ್ಕ್ ರಾಜ್ಯವು ತನ್ನ ಆಸ್ಪತ್ರೆಗಳಿಗೆಲ್ಲ ನಿಯಮವೊಂದನ್ನು ವಿಧಿಸಿತು. ಅದರಂತೆ ಸೆಪ್ಸಿಸ್ ಗುರುತಾದ 3 ಗಂಟೆಗಳೊಳಗೆ ಮೂರು ಕೆಲಸಗಳು ನಡೆಯಬೇಕು: ರೋಗಾಣುಗಳ ಪತ್ತೆಗಾಗಿ ರಕ್ತವನ್ನು ತೆಗೆದಿರಿಸುವುದು, ರಕ್ತದಲ್ಲಿನ ಲ್ಯಾಕ್ಟೇಟ್ ಎಂಬ ಅಂಶವನ್ನು ಅಳೆಯುವುದು, ರೋಗಾಣುನಾಶಕ ಔಷಧಿಯನ್ನು ಕೊಡುವುದು. ಮುಂದೆ ಅಲ್ಲಿನ 149 ಆಸ್ಪತ್ರೆಗಳ 49,331 ರೋಗಿಗಳ ವಿವರವನ್ನು ಪರಿಶೀಲಿಸಿ, 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಈ ಕೆಲಸಗಳು ಒಂದೊಂದು ಗಂಟೆ ತಡವಾದಂತೆಲ್ಲ ಮರಣದ ಸಂಭವವು ಮೊದಲಿದ್ದುದಕ್ಕಿಂತ ಸುಮಾರು ಶೇಕಡ 4ರಷ್ಟು ಏರುತ್ತಿದ್ದಿತು.

ಹಾಗಾದರೆ ಕಾಲವನ್ನು ಉಳಿಸುವ ಬಗೆ ಹೇಗೆ? ಬಾಗಿಲಲ್ಲಿಯೇ ದಾದಿಯು ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳನ್ನು ನೋಡಿ, ಸಂಶಯ ಬಂದೊಡನೆ ವೈದ್ಯರನ್ನು ಕರೆಯಬೇಕು. ಔಷಧಿಯು ವಿಭಾಗದಲ್ಲಿಯೇ ಕೈಗೆಟುಕುವಂತಿರಬೇಕು. ರಕ್ತದ ವರದಿಯನ್ನು ನೋಡದೆ ರೋಗಿಯನ್ನು ಬೀಳ್ಕೊಡಬಾರದು. ಆದರೆ ಜ್ವರಗಳೆಲ್ಲವೂ ಸೆಪ್ಸಿಸ್ ಅಲ್ಲ. ಕಂಡವರಿಗೆಲ್ಲ ಈ ಔಷಧಿಯನ್ನು ಕೊಟ್ಟರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಆದುದರಿಂದ ತ್ವರೆಯೊಡನೆ ವಿವೇಚನೆಯೂ ಬೇಕು.

ಗಡಿಯಾರವು ಆಸ್ಪತ್ರೆಯಲ್ಲಿ ಮಾತ್ರವಲ್ಲ, ನಮ್ಮ ಮನೆಯಲ್ಲಿಯೂ ಓಡುತ್ತಿರುತ್ತದೆ. ಬಯ್ಗುಳಕ್ಕೆ ಅಂಜಿ ನಾವು ಗಾಯವನ್ನು ಮುಚ್ಚಿಡಬಾರದು. ಜ್ವರದೊಡನೆ ಏದುಸಿರು, ಮೈ ತಣ್ಣಗಾಗುವುದು, ಮಾತು ತಡವರಿಸುವುದು, ಮೂತ್ರ ಕಡಿಮೆಯಾಗುವುದು ಮೊದಲಾದ ಚಿಹ್ನೆಗಳು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಗಾಯವಾದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನಾವಾಡುವ ಆ ಒಂದು ಮಾತು ಅವರಿಗೆ ಒಂದು ಗಂಟೆಯನ್ನು ಉಳಿಸಿಕೊಡಬಹುದು.