ಶಿಫಾರಸಿನ ಸಂಪಾದನೆ

ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಪೂರ್ಣಗೊಂಡದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದನ್ನು ಬಿಟ್ಟರೆ ವೇದಾವತಿಯ ನೀರು ಅಲ್ಲಿ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎಂಬತ್ತೊಂಬತ್ತು ವರ್ಷಗಳ ಬಳಿಕ ಕಂಡ ಆ ನೋಟವನ್ನು ಜನರು ಕಣ್ಣಿನಿಂದ ಎಷ್ಟು ನೋಡಿದರೋ ಮೊಬೈಲಿನ ಮೂಲಕವೂ ಅಷ್ಟೇ ನೋಡಿದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಹಾಗೆಯೇ ಆಯಿತು. ಇಂಥ ದೃಶ್ಯವನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸುವವನಿಗೆ ಇಂದು ಹಣ ಸಿಗುತ್ತದೆ. ಅಣೆಕಟ್ಟು ತೋರಿಸಿದವನು ನಾಳೆ ತೆಂಗಿನ ತೋಟಕ್ಕೆ ಪಂಪ್‌ಸೆಟ್ ತೋರಿಸುತ್ತಾನೆ, ನಾಡಿದ್ದು ಅಡುಗೆ ಪಾತ್ರೆ ತೋರಿಸುತ್ತಾನೆ, 'ಕೆಳಗಿನ ಕೊಂಡಿಯನ್ನು ಒತ್ತಿ ಕೊಂಡುಕೊಳ್ಳಿ' ಎನ್ನುತ್ತಾನೆ. ನಮ್ಮ ಮನೆಗಳ ಯುವಕರೂ ಯುವತಿಯರೂ ಈ ದಾರಿ ಹಿಡಿದಿದ್ದಾರೆ. ಈ ಹಣ ಹಲಾಲೇ ಎಂದು ಹೆತ್ತವರು ಕೇಳುವುದು ಸಹಜ.

ಉತ್ತರಕ್ಕೆ ಮೊದಲು ಈ ಹಣ ಎಲ್ಲಿಂದ ಬರುತ್ತದೆಂದು ತಿಳಿದಿರಬೇಕು. ಅದಕ್ಕೆ ಎರಡು ಮೂಲಗಳಿವೆ. ಒಂದು ಜಾಹೀರಾತು. ನೀವು ತಯಾರಿಸಿದ ವಿಡಿಯೊದ ನಡುವೆ ಕಂಪೆನಿಯು ಇತರರ ಜಾಹೀರಾತನ್ನು ಸೇರಿಸಿ, ಬಂದ ಹಣದಲ್ಲಿ ನಿಮಗೆ ಪಾಲು ಕೊಡುತ್ತದೆ. ಯೂಟ್ಯೂಬ್‌ನಲ್ಲಿ ಈ ಪಾಲು ಸಿಗಬೇಕಾದರೆ ಸಾಮಾನ್ಯವಾಗಿ 1,000 ಚಂದಾದಾರರೂ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕು. ದೀರ್ಘ ವಿಡಿಯೊಗಳಿಗೆ ಶೇಕಡಾ 55ರಷ್ಟು ಪಾಲು ತಯಾರಿಸಿದವನದು. ಇನ್ನೊಂದು ಮೂಲ ಕಮಿಷನ್. ಅಂಗಡಿಯು ನಿಮ್ಮ ಗುರುತುಳ್ಳ ಒಂದು ಕೊಂಡಿಯನ್ನು ಕೊಡುತ್ತದೆ. ಆ ಕೊಂಡಿಯ ಮೂಲಕ ಬಂದವನು ನಿಗದಿತ ಅವಧಿಯಲ್ಲಿ ವಸ್ತು ಕೊಂಡರೆ ಬೆಲೆಯ ಒಂದು ಅಂಶ ನಿಮಗೆ ಸೇರುತ್ತದೆ. ಕೊಳ್ಳುವವನು ಇದಕ್ಕಾಗಿ ಹೆಚ್ಚು ಕೊಡಬೇಕಾಗಿಲ್ಲ. ಅಂಗಡಿಯೇ ತನ್ನ ಲಾಭದಿಂದ ಕೊಡುತ್ತದೆ.

ಹೆಸರು ಹೊಸದಾದರೂ ಇದು ದಲ್ಲಾಳಿತನವೇ. ನಮ್ಮ ಜಿಲ್ಲೆಯವರಿಗೆ ದಲ್ಲಾಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುರಿ, ಎತ್ತು, ತೆಂಗು, ಈರುಳ್ಳಿ ಯಾವುದೂ ಅವನಿಲ್ಲದೆ ಕೈ ಬದಲಾಗುವುದು ಅಪರೂಪ. ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲೂ ಅವನಿದ್ದ. ಅಂಥವರನ್ನು 'ಸಮಾಸಿರ' ಅಂದರೆ ದಲ್ಲಾಳಿಗಳೆಂದು ಕರೆಯಲಾಗುತ್ತಿತ್ತು. ಪ್ರವಾದಿಯವರು(ಸ) ಅವರ ಬಳಿ ಬಂದು, ಅದಕ್ಕಿಂತ ಉತ್ತಮವಾದ 'ವರ್ತಕರು' ಎಂಬ ಹೆಸರಿನಿಂದ ಕರೆದರೆಂದೂ, ವ್ಯಾಪಾರದಲ್ಲಿ ಪೊಳ್ಳು ಮಾತು ಮತ್ತು ಆಣೆಗಳು ಬೆರೆಯುವುದರಿಂದ ಅದರೊಂದಿಗೆ ದಾನವನ್ನೂ ಬೆರೆಸುವಂತೆ ಬೋಧಿಸಿದರೆಂದೂ ಕೈಸ್ ಬಿನ್ ಅಬೀ ಗರಝ(ರ) ವರದಿ ಮಾಡಿರುವರು. ಅವರು ಆ ಕಸುಬನ್ನು ನಿಷೇಧಿಸಲಿಲ್ಲ, ಬದಲಿಗೆ ಅದಕ್ಕೆ ಗೌರವದ ಹೆಸರು ಕೊಟ್ಟು ಅದರ ರೋಗವನ್ನೂ ಗುರುತಿಸಿದರು. ಇಬ್ನು ಸೀರೀನ್, ಅತಾ, ಇಬ್ರಾಹೀಮ್ ಮತ್ತು ಹಸನ್ ಎಂಬ ವಿದ್ವಾಂಸರು ದಲ್ಲಾಳಿಯ ಕೂಲಿಯಲ್ಲಿ ದೋಷವಿಲ್ಲವೆಂದು ಕಂಡರೆಂದು ಇಮಾಮ್ ಬುಖಾರಿಯವರು(ರ) ದಾಖಲಿಸಿದ್ದಾರೆ. ಆದ್ದರಿಂದ ಕಮಿಷನ್ ಎಂಬ ಒಂದೇ ಕಾರಣಕ್ಕೆ ಹಣವನ್ನು ಹರಾಮ್ ಎನ್ನುವುದು ಸರಿಯಲ್ಲ. ಮಕ್ಕಳ ದುಡಿಮೆಯನ್ನು ಅರಿಯದೆಯೇ 'ಮೊಬೈಲ್ ಹಣ' ಎಂದು ತುಚ್ಛೀಕರಿಸುವ ಹಿರಿಯರು ಇದನ್ನು ಗಮನಿಸಬೇಕು.

ಆದರೆ ಸಂತೆಯ ದಲ್ಲಾಳಿಗೂ ಮೊಬೈಲಿನ ದಲ್ಲಾಳಿಗೂ ಒಂದು ವ್ಯತ್ಯಾಸವಿದೆ. ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವನು ದಲ್ಲಾಳಿಯೆಂದು ಎತ್ತು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಅವನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ. ಮೊಬೈಲಿನಲ್ಲಿ ಮಾತನಾಡುವವನು ಮಾತ್ರ ನಮಗೆ ಗೆಳೆಯನಂತೆ, ಅನುಭವಸ್ಥನಂತೆ, ಕೆಲವೊಮ್ಮೆ ಉಸ್ತಾದರಂತೆ ಕಾಣುತ್ತಾನೆ. ಹೊಸದುರ್ಗದ ಕಡೆಯ ರೈತನೊಬ್ಬನು ಸಾಲ ಮಾಡಿ ಪಂಪ್‌ಸೆಟ್ ಕೊಳ್ಳಲು ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ನಿಮ್ಮ ವಿಡಿಯೊ ನೋಡುತ್ತಾನೆ. ಎರಡು ಪಂಪ್‌ಗಳಲ್ಲಿ ಆಳದ ಕೊಳವೆಬಾವಿಗೆ ಒಗ್ಗುವುದು ಮೊದಲನೆಯದು, ನಿಮಗೆ ಹೆಚ್ಚು ಕಮಿಷನ್ ಕೊಡುವುದು ಎರಡನೆಯದು. ನೀವು ಎರಡನೆಯದನ್ನು ಹೊಗಳಿದಿರಿ. ಸುಳ್ಳೇನೂ ಹೇಳಿಲ್ಲ, ಅದು ಒಳ್ಳೆಯ ಪಂಪ್ ಹೌದು. ಅವನ ಬಾವಿಗೆ ಒಳ್ಳೆಯದಲ್ಲ ಅಷ್ಟೆ. ಬೇಸಗೆಯಲ್ಲಿ ತೋಟ ಒಣಗಿದಾಗ ಅವನು ತನ್ನ ಹಣೆಬರಹವನ್ನು ಹಳಿಯುತ್ತಾನೆಯೇ ಹೊರತು ನಿಮ್ಮನ್ನಲ್ಲ. ನಿಮಗೆ ಹಣ ಸಂದಿತ್ತೆಂಬುದೇ ಅವನಿಗೆ ತಿಳಿಯದು!

ಸಲಹೆ ಕೇಳಲ್ಪಟ್ಟವನು ಅಮಾನತ್ತನ್ನು ಹೊತ್ತವನು ಎಂಬರ್ಥದ ಪ್ರವಾದಿ ವಚನವೊಂದನ್ನು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಕಾಣಬಹುದು. ಈ ಸಂಪಾದನೆಯ ಪ್ರಶ್ನೆಯೆಲ್ಲವೂ ಇಲ್ಲಿಯೇ ಇದೆ. ಕಂಪೆನಿಯು ನಿಮಗೆ ಹಣ ಕೊಡುವುದು ನಿಮ್ಮ ಕ್ಯಾಮೆರಾಕ್ಕಲ್ಲ, ನಿಮ್ಮ ಮೇಲೆ ಜನರಿಟ್ಟಿರುವ ನಂಬಿಕೆಗೆ. ಆ ನಂಬಿಕೆ ನಿಮ್ಮ ಸೊತ್ತಲ್ಲ, ಅದು ನಿಮ್ಮ ಬಳಿ ಇಟ್ಟಿರುವ ಅಮಾನತ್ತು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಒಳಗೆ ಒದ್ದೆಯಾಗಿದ್ದ ಪ್ರಸಂಗ ನಿಮಗೆ ತಿಳಿದಿದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಮಳೆ ಅವನ ತಪ್ಪಲ್ಲ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತೆಂಬುದೇ ಅವರ ಆಕ್ಷೇಪವಾಗಿತ್ತು. ಕಮಿಷನ್ ಕೂಡ ಹಾಗೆಯೇ. ಅದನ್ನು ಪಡೆಯುವುದು ತಪ್ಪಲ್ಲ, ಅಡಿಯಲ್ಲಿ ಮುಚ್ಚಿಡುವುದು ತಪ್ಪು. 'ಇದನ್ನು ನೀವು ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಎಂದು ಕನ್ನಡದಲ್ಲಿ ಒಂದು ಮಾತು ಮೊದಲೇ ಹೇಳಿಬಿಡಿ. ಹೀಗೆ ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂಬ ಭಯವೇ? ಹಾಗಿದ್ದಲ್ಲಿ ನಿಮ್ಮ ವ್ಯಾಪಾರ ನಡೆಯುತ್ತಿರುವುದು ಜನರ ಅಜ್ಞಾನದ ಬಲದಿಂದ ಎಂದಾಯಿತಲ್ಲವೇ?

ನಮ್ಮ ದೇಶದ ಕಾನೂನೂ ಈಗ ಇದನ್ನೇ ಕೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತಿಗೆ ಶಿಫಾರಸು ನೀಡುವವರ ಮೇಲೂ ಮೊದಲ ಬಾರಿಗೆ 10 ಲಕ್ಷ ರೂಪಾಯಿಗಳ ವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳ ಪ್ರಕಾರ, ಶಿಫಾರಸು ಮಾಡುವವನಿಗೂ ಮಾರುವವನಿಗೂ ಹಣದ ನಂಟಿದ್ದರೆ ಅದನ್ನು ಬಹಿರಂಗಪಡಿಸಬೇಕು. ಆದರೆ ಕಾನೂನಿನ ಕಣ್ಣು ತಲುಪದ ಕಡೆಯಲ್ಲೂ ವಿಶ್ವಾಸಿಗೆ ಲೆಕ್ಕ ಒಪ್ಪಿಸಬೇಕಾಗಿದೆ.

ಬಳಸದ ವಸ್ತುವನ್ನು ಬಳಸಿದೆನೆನ್ನುವುದು, ಗೆಳೆಯರಿಂದ ಸುಳ್ಳು ಹೊಗಳಿಕೆ ಬರೆಸುವುದು, ತನ್ನದೇ ಜಾಹೀರಾತನ್ನು ತಾನೇ ಒತ್ತಿ ಹಣ ಹೆಚ್ಚಿಸುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಿ ಕೂಗುವ 'ನಜ್‌ಶ್' ಎಂಬ ವಂಚನೆಯನ್ನು ಪ್ರವಾದಿಯವರು(ಸ) ತಡೆದಿದ್ದಾರೆ. ಇವೆಲ್ಲ ಅದರ ಸಂತತಿ.

ಯಾವುದನ್ನು ಶಿಫಾರಸು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಹಣ ಕಟ್ಟಿ ಆಡುವ ಆಟಗಳ ಪ್ರಚಾರಕ್ಕೆ ಬಹಳ ಹಣ ಹರಿಯುತ್ತಿತ್ತು; 2025ರ ಆಗಸ್ಟ್‌ನ ಕೇಂದ್ರ ಕಾನೂನು ಅಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಜೂಜನ್ನು ಶೈತಾನನ ಕೃತ್ಯವೆಂದು ಸೂರಃ ಅಲ್ ಮಾಇದಃ ಸಾರಿರುವಾಗ ನಮಗೆ ಆ ಕಾನೂನಿಗಾಗಿ ಕಾಯುವ ಅಗತ್ಯವಿರಲಿಲ್ಲ. ಬಡ್ಡಿ ಸಾಲದ ಆ್ಯಪ್‌ಗಳು ಈಗಲೂ ಇವೆ. 'ನಾನು ಬಡ್ಡಿ ತಿನ್ನುವುದಿಲ್ಲ, ಕೇವಲ ಕೊಂಡಿ ಹಂಚುತ್ತೇನೆ' ಎಂಬ ಸಮರ್ಥನೆಯನ್ನು ಕೆಲವರು ಮುಂದಿಡುತ್ತಾರೆ. ಜಾಬಿರ್(ರ) ವರದಿ ಮಾಡಿರುವ ಹದೀಸ್‌ನಲ್ಲಿ ಬಡ್ಡಿ ತಿನ್ನುವವನ ಜೊತೆ ಅದರ ಪತ್ರ ಬರೆಯುವವನೂ ಸಾಕ್ಷಿಗಳೂ ಶಾಪಕ್ಕೆ ಸೇರಿದ್ದಾರೆ. ಪತ್ರ ಬರೆಯುವವನಿಗೆ ಬಡ್ಡಿಯಲ್ಲಿ ಪಾಲಿಲ್ಲ, ಸಿಗುವುದು ಬರೆದ ಕೂಲಿ ಮಾತ್ರ.

'ಹಲಾಲ್' ಎಂಬ ಪದವೇ ಜಾಹೀರಾತಾದಾಗ ಏನಾಗುತ್ತದೆಂಬುದನ್ನು ಕರ್ನಾಟಕದ ಮುಸ್ಲಿಮ್ ಕುಟುಂಬಗಳು 2019ರ ಜೂನ್‌ನಲ್ಲಿ ಕಂಡಿವೆ. ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಮುಚ್ಚಿತು, ಸ್ಥಾಪಕನು ದೇಶ ಬಿಟ್ಟು ಹೋದನು, ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲುಗಟ್ಟಿದರು. ಮಗಳ ಮದುವೆಗೆಂದು ಕೂಡಿಟ್ಟ ಹಣ, ಗಲ್ಫಿನ ದುಡಿಮೆ, ವಿಧವೆಯರ ಒಡವೆ ಎಲ್ಲವೂ ಹೋಯಿತು. ಆ ಹಣದಲ್ಲಿ ಎಷ್ಟೋ ಭಾಗ ಅಲ್ಲಿ ಸೇರಿದ್ದು ಪತ್ರಿಕೆಯ ಜಾಹೀರಾತು ನೋಡಿ ಅಲ್ಲ, 'ನಾನೂ ಹಾಕಿದ್ದೇನೆ, ಒಳ್ಳೆಯದು' ಎಂದು ಬಂಧುವೋ ನೆರೆಯವನೋ ಹೇಳಿದ್ದನ್ನು ಕೇಳಿ. ಹಾಗೆ ಹೇಳಿದ ಹೆಚ್ಚಿನವರು ಮೋಸಗಾರರಲ್ಲ, ಅವರೂ ಕಳೆದುಕೊಂಡರು. ಲೆಕ್ಕಪತ್ರ ನೋಡದೆ ನಂಬಿದ್ದರು, ನಂಬಿದ್ದನ್ನು ಹಂಚಿದ್ದರು. ಆದ್ದರಿಂದ ಹಣ ಹೂಡುವ ಯೋಜನೆಗಳಿಗೆ ಕಮಿಷನ್ ಪಡೆದು ಶಿಫಾರಸು ಮಾಡಲೇಬೇಡಿ ಎಂಬುದು ಈ ಲೇಖಕನ ಅಭಿಪ್ರಾಯ. ಪಾತ್ರೆ ಕೆಟ್ಟರೆ ಮರಳಿಸಬಹುದು, ಜೀವಮಾನದ ಉಳಿತಾಯ ಹಾಗಲ್ಲ.

ಜಾಹೀರಾತಿನ ಪಾಲಿನಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ವಿಡಿಯೊದ ನಡುವೆ ಯಾವ ಜಾಹೀರಾತು ಬರುತ್ತದೆಂದು ನೀವು ಒಂದೊಂದಾಗಿ ಆರಿಸುವುದಿಲ್ಲ. ಕೆಲವು ಬಗೆಯವುಗಳನ್ನು ತಡೆಯುವ ಸೌಲಭ್ಯವಿದೆ. ಮೊದಲ ದಿನವೇ ಅದನ್ನು ಬಳಸಬೇಕು, ಆಗಾಗ ಪರಿಶೀಲಿಸಬೇಕು. ಆದರೂ ನುಸುಳಿ ಬಂದುದರ ಹಣವನ್ನು ಅಂದಾಜಿಸಿ, ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡುವುದು ಅನೇಕ ವಿದ್ವಾಂಸರು ಸೂಚಿಸುವ ದಾರಿ. ಅದನ್ನು ಝಕಾತ್‌ನ ಲೆಕ್ಕಕ್ಕೆ ಸೇರಿಸಬಾರದು.

ಮನೆಯ ಹೆಂಗಸರು ಅಡುಗೆ, ಹೊಲಿಗೆ ತೋರಿಸಿ ಈ ಬಗೆಯಲ್ಲಿ ಸಂಪಾದಿಸುವುದೂ ಉಂಟು. ಖಾತೆ ಮಾತ್ರ ಹೆಚ್ಚಾಗಿ ಗಂಡನ ಅಥವಾ ಅಣ್ಣನ ಹೆಸರಿನಲ್ಲಿರುತ್ತದೆ, ಹಣ ಅಲ್ಲಿಗೆ ಬಂದು ಮನೆಖರ್ಚಿನಲ್ಲಿ ಕರಗುತ್ತದೆ. ಸ್ತ್ರೀಯರು ಸಂಪಾದಿಸಿದ್ದರಲ್ಲಿ ಅವರಿಗೆ ಪಾಲಿದೆಯೆಂದು ಸೂರಃ ಅನ್ನಿಸಾ ಸ್ಪಷ್ಟಪಡಿಸಿದೆ. ಆಕೆ ಸ್ವಂತ ಇಚ್ಛೆಯಿಂದ ಕೊಟ್ಟರೆ ಅದು ಆಕೆಯ ಔದಾರ್ಯ. ಕೇಳದೆ ತೆಗೆದುಕೊಂಡರೆ ಅದು ಸಾಲ. ಆಕೆಯ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ಅದು ಆಗುವ ತನಕ ತಿಂಗಳು ತಿಂಗಳು ಬಂದ ಮೊತ್ತವನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟು, ಆ ಪುಸ್ತಕವನ್ನು ಆಕೆಯ ಕೈಯಲ್ಲೇ ಕೊಡಿರಿ.