ಗೋಡೆಯ ಹಾವಸೆ ಮತ್ತು ಫಿಸ್ಸಿಡೆನ್ಸ್ ಕುಲ

ಮುಂಗಾರು ದೆಹಲಿಯನ್ನು ತಲುಪಿದ ಕೆಲವೇ ದಿನಗಳಲ್ಲಿ, ನಗರದ ವಾಯವ್ಯ ಭಾಗದ ರೋಹಿಣಿಯಂತಹ ಬಡಾವಣೆಗಳ ಇಟ್ಟಿಗೆ ಗೋಡೆಗಳ ಮೇಲೂ ಚರಂಡಿಯ ಅಂಚುಗಳಲ್ಲಿಯೂ ಮಖಮಲ್ಲಿನಂತಹ ಹಸಿರು ಹೊದಿಕೆ ಕಾಣಿಸಿಕೊಳ್ಳುತ್ತದೆ. ಆಡುಮಾತಿನಲ್ಲಿ ಇದು ಪಾಚಿ. ಕೆರೆಯ ನೀರಿನ ಮೇಲೆ ತೇಲುವುದೂ ಪಾಚಿಯೇ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಕೆರೆಯದು ಶೈವಲ, ಗೋಡೆಯದು ಹಾವಸೆ. ಹಾವಸೆಯಲ್ಲಿ ಕಾಂಡದಂತಹ ಭಾಗವೂ ಪುಟ್ಟ ಎಲೆಗಳೂ ಇದ್ದು, ಬೀಜದ ಬದಲು ಬೀಜಕಗಳಿಂದ ವಂಶಾಭಿವೃದ್ಧಿಯಾಗುತ್ತದೆ.

ಬಯಲುಸೀಮೆಯ ಗೋಡೆಗಳಲ್ಲಿ ವಿಪುಲವಾಗಿ ಬೆಳೆಯುವ ಹಾವಸೆಗಳಲ್ಲಿ ಹಯೋಫಿಲಾ ಇನ್ವೊಲ್ಯೂಟಾ ಒಂದು. ಒಣಗಿದಾಗ ಇದರ ಎಲೆಗಳು ಒಳಮುಖವಾಗಿ ಸುರುಳಿಗೊಳ್ಳುತ್ತವೆ. ನೀರು ಬಿದ್ದೊಡನೆ ಮತ್ತೆ ಅರಳುತ್ತವೆ. ಗೋಡೆಯನ್ನು ಹಾವಸೆಯೇ ಕೆಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಹಾವಸೆಗೆ ನಿಜವಾದ ಬೇರುಗಳಿಲ್ಲ. ಕೂದಲಿನಂತಹ ಎಳೆಗಳಿಂದ ಅದು ಮೇಲ್ಮೈಯನ್ನು ಹಿಡಿದುಕೊಳ್ಳುವುದಷ್ಟೆ. ಗೋಡೆ ಸೀಳುವ ಕೆಲಸ ಅರಳಿ ಸಸಿಯದು. ಮಳೆಗಾಲ ಕಳೆದ ಮೇಲೂ ಒಂದೇ ಕಡೆ ಹಾವಸೆ ಹಸಿರಾಗಿಯೇ ಉಳಿದಿದ್ದರೆ, ಅದನ್ನು ಕೆರೆದು ಸುಣ್ಣ ಬಳಿಯುವುದಕ್ಕೆ ಮುನ್ನ ಅಲ್ಲಿ ಸೋರುತ್ತಿರುವ ಕೊಳವೆಯನ್ನು ಹುಡುಕುವುದು ಮೇಲು.

ಹಾವಸೆಗಳಲ್ಲಿಯೇ ವಿಶಿಷ್ಟವಾದ ಇನ್ನೊಂದು ಕುಲ ಫಿಸ್ಸಿಡೆನ್ಸ್. ಇದರ ಹಲವು ಪ್ರಭೇದಗಳು ಕೆಲವೇ ಮಿಲಿಮೀಟರ್ ಎತ್ತರದವು. ಭೂತಗನ್ನಡಿ ಇಲ್ಲದೆ ಗುರುತಿಸುವುದು ಕಷ್ಟ. ಸಾಮಾನ್ಯವಾಗಿ ಹಾವಸೆಯ ಎಲೆಗಳು ಕಾಂಡದ ಸುತ್ತಲೂ ಹೊರಡುತ್ತವೆ. ಫಿಸ್ಸಿಡೆನ್ಸ್‌ನಲ್ಲಿ ಅವು ಎರಡೇ ಸಾಲಾಗಿ ಹಕ್ಕಿಯ ಗರಿಯಂತೆ ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಪ್ರತಿ ಎಲೆಯ ಬುಡವು ಎರಡು ಪದರಗಳಾಗಿ ಸೀಳಿ, ಅಂಗಿಯ ಜೇಬಿನಂತೆ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಈ ಜೇಬನ್ನು ಕಂಡರೆ ಕುಲದ ಬಗ್ಗೆ ಸಂದೇಹ ಉಳಿಯುವುದಿಲ್ಲ. ಪ್ರಭೇದವನ್ನು ನಿರ್ಧರಿಸುವುದು ಮಾತ್ರ ಸೂಕ್ಷ್ಮದರ್ಶಕದ ಕೆಲಸ: ಎಲೆಯ ಅಂಚಿನಲ್ಲಿ ನೀಳ ಕೋಶಗಳ ಗೆರೆ ಬ್ರಯಾಯ್ಡೀಸ್ ಪ್ರಭೇದದಲ್ಲಿ ಉಂಟು, ಟ್ಯಾಕ್ಸಿಫೋಲಿಯಸ್‌ನಲ್ಲಿ ಇಲ್ಲ.

ಈ ಕುಲಕ್ಕೆ ಹೆಸರಿಟ್ಟವನು ಲೈಪ್‌ಜಿಗ್‌ನ ವೈದ್ಯ ಯೋಹಾನ್ ಹೆಡ್ವಿಗ್. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ‘ಸೀಳುಹಲ್ಲು’. ಬೀಜಕಕೋಶದ ಬಾಯಿಯ ಸುತ್ತ ಸಾಮಾನ್ಯವಾಗಿ 16 ಹಲ್ಲುಗಳಿದ್ದು, ಒಂದೊಂದೂ ತುದಿಯಲ್ಲಿ ಕವಲೊಡೆದಿರುತ್ತದೆ. ಹೆಡ್ವಿಗ್ 1799ರಲ್ಲಿ ತೀರಿಕೊಂಡ. ಅವನ ಗ್ರಂಥ ಹೊರಬಂದದ್ದು 1801ರಲ್ಲಿ. ಬಹುಪಾಲು ಹಾವಸೆಗಳ ಅಧಿಕೃತ ನಾಮಕರಣ ಇಂದಿಗೂ ಆ ಗ್ರಂಥದಿಂದಲೇ ಆರಂಭವಾಗುತ್ತದೆ. ಜಗತ್ತಿನಲ್ಲಿ ಈ ಕುಲದ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಶ್ರೀಲಂಕಾದ ಹೆಸರು ಹೊತ್ತ ಸಿಲೋನೆನ್ಸಿಸ್ ದಕ್ಷಿಣ ಭಾರತದಲ್ಲಿಯೂ ಬೆಳೆಯುತ್ತದೆ.

ಪಶ್ಚಿಮ ಘಟ್ಟಗಳಲ್ಲಿ ಫಿಸ್ಸಿಡೆನ್ಸ್‌ಗೆ ಒಗ್ಗುವ ನೆಲೆಯೆಂದರೆ ದಾರಿಯ ಪಕ್ಕದ ನೆರಳಿನ, ತೇವದ ಮಣ್ಣಿನ ದರೆ. ರಸ್ತೆ ಅಗಲವಾಗಿ ದರೆಯ ಜಾಗದಲ್ಲಿ ಕಾಂಕ್ರೀಟ್ ತಡೆಗೋಡೆ ಎದ್ದರೆ, ಕಾಲಕ್ರಮದಲ್ಲಿ ಆ ಗೋಡೆಯೂ ಹಸಿರಾಗಬಹುದು. ದಾರಿಹೋಕರು ಅದನ್ನೂ ಪಾಚಿಯೆಂದೇ ಕರೆಯುತ್ತಾರೆ. ಆದರೆ ಮಣ್ಣನ್ನೇ ನೆಚ್ಚಿದ ಫಿಸ್ಸಿಡೆನ್ಸ್ ಪ್ರಭೇದಗಳು ಅಲ್ಲಿರುವುದಿಲ್ಲ.