ಎಚ್‌ಐವಿ ವರದಿ ಕೈಗೆ ಬಂದಾಗ: ಮಾತ್ರೆಯೂ ನಿಮ್ಮ ಹಕ್ಕು, ಗುಟ್ಟೂ ನಿಮ್ಮ ಹಕ್ಕು

ಪುಣೆಯ ಔಷಧ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಮಹಿಳೆಯೊಬ್ಬರು 2015ರಲ್ಲಿ ಮೆಡಿಕ್ಲೇಮ್‌ಗೆಂದು ಆಸ್ಪತ್ರೆಯ ಕಾಗದಪತ್ರಗಳನ್ನು ಕಚೇರಿಗೆ ಕೊಟ್ಟರು. ಅವರಿಗೆ ಎಚ್‌ಐವಿ ಇರುವ ಸಂಗತಿ ಆ ಕಾಗದಗಳಲ್ಲಿತ್ತು. ದುಡಿಯುವ ಶಕ್ತಿ ಚೆನ್ನಾಗಿಯೇ ಇದ್ದರೂ ಕಂಪನಿಯವರು ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಂಡರು. ಆಕೆ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಪುಣೆಯ ಕಾರ್ಮಿಕ ನ್ಯಾಯಾಲಯ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಬಾಕಿ ವೇತನ ಕೊಡಬೇಕೆಂದು ಆದೇಶಿಸಿತು.

ಈ ದಾರಿ ಅದಕ್ಕೂ ಮೊದಲೇ ತೆರೆದಿತ್ತು. 1997ರಲ್ಲಿ ಬಾಂಬೆ ಹೈಕೋರ್ಟ್, ಕೆಲಸಕ್ಕೆ ದೈಹಿಕವಾಗಿ ಸಮರ್ಥನಾಗಿರುವ ಮನುಷ್ಯನನ್ನು ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಕಾರ್ಮಿಕನ ನಿಜ ಹೆಸರು ಇಂದಿಗೂ ಕಡತದಲ್ಲಿ ಕಾಣಿಸದು. 'ಎಂಎಕ್ಸ್' ಎಂದಷ್ಟೇ ಇದೆ. ಕೋರ್ಟಿಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರುವವರು ಇದನ್ನು ನೆನಪಿಡಬೇಕು. ಹೆಸರು ಮರೆಮಾಡಿ, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸುವಂತೆ ಕೇಳಲು ಈಗ ಕಾಯ್ದೆಯಲ್ಲೇ ಅವಕಾಶವಿದೆ.

ಆ ಕಾಯ್ದೆ 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಅಧಿನಿಯಮ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದವರಿಗೂ, ಹೋಟೆಲಿನಲ್ಲಿ ದುಡಿಯುವ ಕರಾವಳಿಯ ಹುಡುಗರಿಗೂ, ಹಿಂಜೆವಾಡಿಯ ಐಟಿ ಉದ್ಯೋಗಿಗಳಿಗೂ ಇದು ಒಂದೇ.

ಆದರೆ ಮೊದಲು ಚಿಕಿತ್ಸೆಯ ಮಾತು. ಒಂದೇ ಕಿಟ್ಟಿನ ಫಲಿತಾಂಶವನ್ನು ಅಂತಿಮ ಎಂದು ನಂಬಬೇಡಿ. ಸರ್ಕಾರಿ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಿಂದ ಖಚಿತಪಡಿಸುತ್ತಾರೆ. ಖಚಿತವಾದರೆ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. ಪುಣೆಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ, ಪಿಂಪ್ರಿಯ ಯಶವಂತರಾವ್ ಚವ್ಹಾಣ್ ಆಸ್ಪತ್ರೆಯಲ್ಲಿ ಇಂಥ ಕೇಂದ್ರಗಳಿವೆ. ಅಲ್ಲಿ ರಕ್ತಪರೀಕ್ಷೆ, ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆ, ಟಿಬಿ ತಪಾಸಣೆ ನಡೆಯುತ್ತದೆ. ಟಿಬಿ ಇದ್ದರೆ ಅದರ ಔಷಧ ಮೊದಲು. ಸಿಡಿ4 ಇಳಿಯುವವರೆಗೆ ಕಾಯುವ ಕಾಲ 2017ಕ್ಕೇ ಮುಗಿಯಿತು. ಈಗ ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಶುರು. ಹೆಚ್ಚಿನ ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, ಉಚಿತ. ಬಿಡದೆ ನುಂಗಿ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪರೀಕ್ಷೆಯಲ್ಲಿ ಕಾಣಿಸದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಈ ಒಂದು ಸಂಗತಿ ಎಷ್ಟು ಸಂಸಾರಗಳನ್ನು ಉಳಿಸಬಹುದು!

ಕೇಂದ್ರದಲ್ಲಿ ಕೊಡುವ 'ಗ್ರೀನ್ ಬುಕ್' ಜೋಪಾನವಾಗಿರಲಿ. ಮಾತ್ರೆ ಕೊಟ್ಟ ತಾರೀಖು, ತೂಕ, ಮುಂದಿನ ಭೇಟಿ ಎಲ್ಲ ಅದರಲ್ಲಿ ಬರೆದಿರುತ್ತಾರೆ. ಊರಿಗೆ ಮರಳುವುದಾದರೆ ಮೊದಲೇ ಹೇಳಿ, ಕಲಬುರಗಿಗೋ ವಿಜಯಪುರಕ್ಕೋ ಟ್ರಾನ್ಸ್‌ಫರ್ ಬರೆಸಿಕೊಳ್ಳಿ. ಜಾತ್ರೆಗೆಂದು ಹೋಗಿ ತಿಂಗಳುಗಟ್ಟಲೆ ಮಾತ್ರೆ ಬಿಡುವುದೇ ವಲಸೆ ಕಾರ್ಮಿಕರಿಗೆ ಒದಗುವ ದೊಡ್ಡ ಅಪಾಯ.

ಇನ್ನು ಗುಟ್ಟು. ನಿಮ್ಮ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳಲು, ಮಕ್ಕಳನ್ನು ಶಾಲೆಗೆ ಸೇರಿಸಲು, ಆಪರೇಷನ್ ಮಾಡಲು ಅದನ್ನು ಷರತ್ತಾಗಿ ಒಡ್ಡುವಂತಿಲ್ಲ. ಕಾಯ್ದೆಯಲ್ಲಿ ಹೇಳಿದ ಕೆಲವೇ ಸಂದರ್ಭಗಳ ಹೊರತು, ವರದಿಯನ್ನು ಇನ್ನೊಬ್ಬರಿಗೆ ತಿಳಿಸಲು ನಿಮ್ಮ ಲಿಖಿತ ಒಪ್ಪಿಗೆ ಇಲ್ಲವೇ ಕೋರ್ಟಿನ ಆದೇಶ ಬೇಕು. ಕೋರ್ಟಿನ ವಿಚಾರಣೆಯಲ್ಲಿ ಗೊತ್ತಾದ ನಿಮ್ಮ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಸಂಗಾತಿಯ ವಿಷಯ ಬೇರೆ. ಸೋಂಕು ಹರಡದಂತೆ ಎಚ್ಚರ ವಹಿಸುವುದು ಸೋಂಕಿತರ ಕರ್ತವ್ಯ ಎಂದು ಅದೇ ಕಾಯ್ದೆ ಹೇಳುತ್ತದೆ. ಗಂಡನೋ ಹೆಂಡತಿಯೋ ತೀವ್ರ ಅಪಾಯದಲ್ಲಿದ್ದು, ನೀವು ಹೇಳುವುದಿಲ್ಲ ಎಂದು ಖಾತ್ರಿಯಾದರೆ, ನಿಮಗೆ ಮುಂಚೆ ತಿಳಿಸಿ ಡಾಕ್ಟರು ಅಥವಾ ಕೌನ್ಸೆಲರ್ ಆ ಸಂಗಾತಿಗೆ ಹೇಳಬಹುದು. ಹೇಳಿದರೆ ಹೊಡೆತ ಬೀಳುವ ಭಯವಿರುವ ಹೆಣ್ಣುಮಕ್ಕಳಿಗೆ ಕಾಯ್ದೆ ರಕ್ಷಣೆ ಕೊಟ್ಟಿದೆ. ಕೌನ್ಸೆಲರ್‌ಗೆ ಆ ಭಯವನ್ನು ಬಾಯಿಬಿಟ್ಟು ಹೇಳಿ. ಮನೆಯಿಂದ ಹೊರಹಾಕಿದರೆ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕೂ ನಿಮ್ಮದೇ.

ಮಾಲೀಕರು ಕರೆದು ರಾಜೀನಾಮೆ ಕೇಳಿದರೆ ಸಹಿ ಹಾಕಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ಆಸ್ಪತ್ರೆಯಾದರೆ ಇಪ್ಪತ್ತು ಜನರಿದ್ದರೂ ಸಾಕು. ನಡೆದದ್ದು ಗೊತ್ತಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ. ಆಸ್ಪತ್ರೆ ಚಿಕಿತ್ಸೆ ನಿರಾಕರಿಸಿದಂಥ ಪ್ರಕರಣಗಳಲ್ಲಿ ರಾಜ್ಯ ಸರ್ಕಾರ ನೇಮಿಸುವ ಒಂಬಡ್ಸ್‌ಮನ್‌ಗೆ ದೂರು ಹೋಗುತ್ತದೆ. ಅವರು 30 ದಿನದೊಳಗೆ, ತುರ್ತು ವೈದ್ಯಕೀಯ ಸಂದರ್ಭದಲ್ಲಿ ಸಾಧ್ಯವಾದಷ್ಟೂ 24 ಗಂಟೆಯೊಳಗೆ ಆದೇಶ ಹೊರಡಿಸಬೇಕು. ವಕೀಲರ ಫೀಸಿಗೆ ಹಣವಿಲ್ಲ ಎಂದು ಹಿಂಜರಿಯಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಿಮೆ ಆದಾಯದವರಿಗೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ವರದಿ ಬಂದ ಹೊಸದರಲ್ಲಿ ನಿದ್ದೆ ಬಾರದು, ಅನ್ನ ಸೇರದು, ಬದುಕೇ ಬೇಡ ಎನಿಸಬಹುದು. ಅಂಥ ಹೊತ್ತಿನಲ್ಲಿ ಒಬ್ಬರೇ ಕೂರಬೇಡಿ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿ ಕುರಿತ ಸಂಶಯಗಳಿಗೆ 1097 ಇದೆ. ಎರಡೂ ಉಚಿತ. ಕೇಸು ಎಷ್ಟು ವರ್ಷ ನಡೆದರೂ ನಡೆಯಲಿ, ಅದರ ನಡುವೆ ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.